ಸೋಲಾರ್ ಪಂಪಿಗೆ ಮುನ್ನ ಬಾವಿಯ ಅಳತೆ

ಊರಿನ ನೀರಿಗೆ ಡೀಸೆಲ್ ಪಂಪ್ ಬಿಟ್ಟು ಸೋಲಾರ್ ಹಾಕಿಸೋಣ ಎಂದು ಜನ ಕೂತು ಮಾತಾಡುವಾಗ ಮೊದಲು ಏಳುವ ಪ್ರಶ್ನೆ, 'ಪ್ಯಾನೆಲ್ ಎಷ್ಟು ಬೇಕು?' ನಿಜಕ್ಕೂ ಅದು ಕೊನೆಯಲ್ಲಿ ಕೇಳಬೇಕಾದ್ದು. ಪ್ಯಾನೆಲ್ ಕೆಟ್ಟು ನಿಂತ ಯೋಜನೆಗಳು ಕಡಿಮೆ. ಕೊಳವೆಬಾವಿಯ ಅಳತೆ ತಪ್ಪಿ ನಿಲ್ಲುವುದುಂಟು.

ಲೆಕ್ಕ ಸರಳವಾಗಿದೆ. ದಿನಕ್ಕೆ 20,000 ಲೀಟರ್ ಬೇಕು, ನೀರು ಏರಬೇಕಾದ ಒಟ್ಟು ಎತ್ತರ, ಅಂದರೆ ಹೆಡ್, 50 ಮೀಟರ್ ಎಂದುಕೊಳ್ಳಿ. ಲೀಟರನ್ನು ಮೀಟರಿನಿಂದ ಗುಣಿಸಿ 3,67,000ದಿಂದ ಭಾಗಿಸಿದರೆ ಬೇಕಾದ ಶಕ್ತಿ ಯೂನಿಟ್‌ಗಳಲ್ಲಿ ಸಿಗುತ್ತದೆ: ಸುಮಾರು 2.7. ಪಂಪು ಮತ್ತು ಮೋಟಾರು ಸೇರಿ ಇದರಷ್ಟನ್ನೇ, ಕೆಲವೊಮ್ಮೆ ಇನ್ನೂ ಹೆಚ್ಚು, ನುಂಗಿಬಿಡುತ್ತವೆ. ಒಟ್ಟು ದಕ್ಷತೆ ಶೇ 45 ಎಂದು ಹಿಡಿದರೆ ದಿನಕ್ಕೆ 6 ಯೂನಿಟ್ ಬೇಕು. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ಬೀಳುವ ಜಾಗದಲ್ಲಿ ಧೂಳು, ಬಿಸಿ, ತಂತಿಗಳಿಗೆ ಕಾಲುಭಾಗ ಕಳೆದರೆ 1.6 ಕಿಲೋವಾಟ್ ಪ್ಯಾನೆಲ್ ಸಾಕು. ಮೋಡದ ದಿನಗಳನ್ನು ನೆನೆದು 2 ಕಿಲೋವಾಟ್ ಹಾಕಿ, ಅಂದರೆ 330 ವಾಟಿನ 6 ಪ್ಯಾನೆಲ್.

ಈ ಲೆಕ್ಕದಲ್ಲಿ ಮೋಸ ಮಾಡುವ ಸಂಖ್ಯೆ ಆ 50 ಮೀಟರ್. ಮಳೆಗಾಲದಲ್ಲಿ, ಪಂಪು ನಿಂತಿರುವಾಗ ಅಳತೆ ಪಟ್ಟಿ ಇಳಿಬಿಟ್ಟು 'ನೀರು 28 ಮೀಟರಿಗಿದೆ' ಎಂದು ಬರೆದುಕೊಳ್ಳುತ್ತಾರೆ. ಪಂಪು ಓಡತೊಡಗಿದ ಮೇಲೆ ನೀರಿನ ಮಟ್ಟ ಕುಸಿಯುತ್ತದೆ, ಬೇಸಿಗೆಯಲ್ಲಿ ಇನ್ನಷ್ಟು ಕುಸಿಯುತ್ತದೆ. ಬಿರುಬೇಸಿಗೆಯಲ್ಲಿ, ಪಂಪು ಓಡುತ್ತಿರುವಾಗ ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಆ ಆಳವನ್ನು ಹಿಡಿಯಬೇಕು. ಅದಕ್ಕೆ ನೆಲದಿಂದ ಟ್ಯಾಂಕಿನ ಬಾಯಿವರೆಗಿನ ಎತ್ತರ ಸೇರಿಸಿ, ಪೈಪಿನ ಒಳತಿಕ್ಕಾಟಕ್ಕೆ ಇನ್ನಷ್ಟು ಸೇರಿಸಿ. ಪೈಪು ಸಣ್ಣದಾದಷ್ಟೂ, ಬಾಗು ಹೆಚ್ಚಿದಷ್ಟೂ ಈ ಕೊನೆಯ ಬಾಬತ್ತು ದೊಡ್ಡದಾಗುತ್ತದೆ.

ಹೆಡ್ ಹತ್ತು ಮೀಟರ್ ತಪ್ಪಿದರೆ ನೀರು ಒಂದಿಷ್ಟು ಕಡಿಮೆ ಬಂದೀತು, ಅಷ್ಟೇ ತಾನೇ ಎನ್ನುವವರಿದ್ದಾರೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಬಿಸಿಲು ಇಳಿದಾಗ ಕಂಟ್ರೋಲರ್, ಅಂದರೆ ಪ್ಯಾನೆಲ್ಲಿನ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿ ಕೊಡುವ ಪೆಟ್ಟಿಗೆ, ಮೋಟಾರಿನ ವೇಗ ಇಳಿಸುತ್ತದೆ. ವೇಗ ಶೇ 80ಕ್ಕೆ ಬಂದರೆ ಪಂಪು ನೀರನ್ನು ತಳ್ಳಬಲ್ಲ ಎತ್ತರ ಶೇ 64ಕ್ಕೆ ಬೀಳುತ್ತದೆ, ಯಾಕೆಂದರೆ ಎತ್ತರ ವೇಗದ ವರ್ಗಕ್ಕೆ ಅನುಗುಣ. ಅದು ನಿಜವಾದ ಹೆಡ್‌ಗಿಂತ ಕೆಳಗಿಳಿದರೆ ಮೋಟಾರು ತಿರುಗುತ್ತಲೇ ಇರುತ್ತದೆ, ನೀರು ಪೈಪಿನ ನಡುವೆ ನಿಂತಿರುತ್ತದೆ, ಟ್ಯಾಂಕಿಗೆ ಒಂದು ಹನಿಯೂ ಬೀಳುವುದಿಲ್ಲ. ಬೆಳಗ್ಗೆ ಎಂಟಕ್ಕೆ ಬರಬೇಕಾದ ನೀರು ಹತ್ತಕ್ಕೆ ಬಂದು ಮೂರಕ್ಕೇ ನಿಂತುಹೋಗುವುದು ಇದರಿಂದ. ಜನ ಪ್ಯಾನೆಲ್ ಕಂಪನಿಯನ್ನು ಬೈಯುತ್ತಾರೆ. ತಪ್ಪಿರುವುದು ಅಳತೆ ಪಟ್ಟಿಯಲ್ಲಿ.

ಇನ್ನೊಂದು ಸಂಗತಿ. ಇಡೀ ದಿನದ ನೀರನ್ನು ಸೂರ್ಯ ಕೆಲವೇ ಗಂಟೆಗಳಲ್ಲಿ ಎತ್ತಿಸುತ್ತಾನೆ. ನಡುಹಗಲಲ್ಲಿ ಗಂಟೆಗೆ 4,000 ಲೀಟರ್ ದಾಟಬಹುದು. 24 ಗಂಟೆಯಲ್ಲಿ ನಿಧಾನಕ್ಕೆ 20,000 ಲೀಟರ್ ಕೊಡುವ ಬಾವಿ ಆ ವೇಗಕ್ಕೆ ಸರಿದೂಗಬೇಕೆಂದಿಲ್ಲ. ಆದ್ದರಿಂದ ಪಂಪು ಖರೀದಿಸುವ ಮುಂಚೆ ಬಾಡಿಗೆ ಪಂಪಿನಿಂದ ಅದೇ ವೇಗದಲ್ಲಿ ಕನಿಷ್ಠ ಆರು ಗಂಟೆ ನೀರು ಎತ್ತಿಸಿ. ಅರ್ಧ ಗಂಟೆಗೊಮ್ಮೆ ಮಟ್ಟ ಅಳೆಯಿರಿ. ಪಂಪು ನಿಲ್ಲಿಸಿದ ಮೇಲೂ ಮಟ್ಟ ಎಷ್ಟು ಹೊತ್ತಿಗೆ ಮೇಲೇರುತ್ತದೆ ನೋಡಿ. ಬಾವಿ ಸೋತರೆ ಸಣ್ಣ ಪಂಪು ಹಾಕಿ ನೀರಿನ ಗುರಿಯನ್ನು ಇಳಿಸುವುದೇ ಸರಿ.

ಬ್ಯಾಟರಿ ಬೇಡವೇ ಎಂದು ಕೇಳುತ್ತಾರೆ. ಬೇಡ. ಕತ್ತಲಾದ ಮೇಲೆ ಬೇಕಾಗುವುದು ನೀರು, ಅದನ್ನು ಟ್ಯಾಂಕೇ ಹಿಡಿದಿಡುತ್ತದೆ. ಎರಡು ದಿನದ ಬಳಕೆಯಷ್ಟು, ಇಲ್ಲಿ 40,000 ಲೀಟರ್, ಟ್ಯಾಂಕಿದ್ದರೆ ಮೋಡದ ದಿನ ದಾಟುತ್ತದೆ. ತುಂಬಿದಾಗ ಪಂಪು ನಿಲ್ಲಿಸುವ ಫ್ಲೋಟ್ ಸ್ವಿಚ್ ಟ್ಯಾಂಕಿಗೆ, ನೀರಿಲ್ಲದೆ ಪಂಪು ಓಡುವುದನ್ನು ತಡೆಯುವ ಸೆನ್ಸರ್ ಬಾವಿಗೆ, ಎರಡನ್ನೂ ಕಡ್ಡಾಯವಾಗಿ ಹಾಕಿ. ಡೀಸೆಲ್ಲಿನಲ್ಲಿ ಖರ್ಚೇ ಪಂಪನ್ನು ನಿಲ್ಲಿಸುತ್ತಿತ್ತು. ಬಿಸಿಲಿಗೆ ಬಿಲ್ಲಿಲ್ಲ, ಹಾಗಾಗಿ ತುಂಬಿದ ಟ್ಯಾಂಕು ಉಕ್ಕಿ ಹರಿಯುತ್ತಿದ್ದರೂ ಯಾರೂ ಓಡಿ ಬರುವುದಿಲ್ಲ, ಅಂತರ್ಜಲ ಮಾತ್ರ ಖಾಲಿಯಾಗುತ್ತದೆ.

ತಂತಿಯ ವಿಷಯದಲ್ಲಿ ಉಳಿತಾಯಕ್ಕೆ ಹೋಗಬೇಡಿ. ಆರು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಸುಮಾರು 225 ವೋಲ್ಟ್, 9 ಆಂಪಿಯರ್. ಪ್ಯಾನೆಲ್ಲಿನಿಂದ ಕಂಟ್ರೋಲರಿಗೆ 100 ಮೀಟರ್ ದೂರವಿದ್ದರೆ 4 ಚದರ ಮಿಲಿಮೀಟರ್ ತಾಮ್ರದ ತಂತಿಯಲ್ಲಿ ಶೇ 3.5ರಷ್ಟು ವೋಲ್ಟ್ ಸೋರುತ್ತದೆ. 6 ಚದರ ಮಿಲಿಮೀಟರಿನದು ಹಾಕಿದರೆ ಶೇ 2.5ರ ಒಳಗೆ. ಬ್ರೇಕರ್ ಡಿಸಿಯದ್ದೇ ಆಗಿರಲಿ, ಎಸಿಯದ್ದು ಹಾಕಿದರೆ ಕಿಡಿ ನಂದದೆ ಪೆಟ್ಟಿಗೆ ಸುಡಬಹುದು. ಪ್ಲಗ್ ಜೋಡಣೆಗಳನ್ನು ಒಂದೇ ತಯಾರಿಕೆಯ ಜೊತೆಗಳಲ್ಲೇ ಹಾಕಿ, 'ಟಿಕ್' ಎಂಬ ಸದ್ದು ಕೇಳುವವರೆಗೆ ಒತ್ತಿ. ಓಡುತ್ತಿರುವಾಗ ಬಿಚ್ಚಬೇಡಿ.

ಪ್ಯಾನೆಲ್ ಮೇಲೆ ಬಿದ್ದರೆ ಕಂಬದ ಗಾತ್ರದ ನೆರಳೂ ದೊಡ್ಡದೇ: ಸಾಮಾನ್ಯ ಪ್ಯಾನೆಲ್ ಒಳಗೆ ನೆರಳಾದ ಭಾಗವನ್ನು ಬಿಟ್ಟು ವಿದ್ಯುತ್ ಹರಿಸುವ ಮೂರು ಬೈಪಾಸ್ ಡಯೋಡುಗಳಿರುತ್ತವೆ, ಒಂದು ಭಾಗಕ್ಕೆ ನೆರಳು ಬಿದ್ದರೂ ಪ್ಯಾನೆಲ್ಲಿನ ಮೂರರಲ್ಲೊಂದು ಪಾಲು ಹೋಗಬಹುದು. ಗಾಜನ್ನು ಬಿಸಿಲೇರುವ ಮುಂಚೆ ತೊಳೆಯಿರಿ.

ನಿರ್ವಹಣೆಗೆ ಒಬ್ಬರನ್ನು ಗೊತ್ತು ಮಾಡಿ, ಒಂದು ಪುಸ್ತಕ ಕೊಡಿ. ವಾರಕ್ಕೊಮ್ಮೆ ಮೂರೇ ಅಂಕಿ: ನೀರಿನ ಮೀಟರ್, ಪಂಪು ಓಡುವಾಗಿನ ಬಾವಿ ಮಟ್ಟ, ಕಂಟ್ರೋಲರ್ ತೋರಿಸುವ ವಾಟ್. ವಾಟ್ ಇಳಿದಿದ್ದರೆ ಧೂಳು, ನೆರಳು ಅಥವಾ ಸಡಿಲ ಜೋಡಣೆ. ವಾಟ್ ಸರಿಯಿದ್ದು ನೀರು ಇಳಿದಿದ್ದರೆ ಮಟ್ಟ ನೋಡಿ: ಮಟ್ಟವೂ ಇಳಿದಿದ್ದರೆ ಬಾವಿಯದ್ದೇ ಸಮಸ್ಯೆ, ಮಟ್ಟ ಹಾಗೆಯೇ ಇದ್ದರೆ ಪಂಪಿನ ಇಂಪೆಲ್ಲರ್, ಅಂದರೆ ನೀರನ್ನು ತಳ್ಳುವ ಚಕ್ರ, ಸವೆದಿದೆ, ಇಲ್ಲವೇ ಪೈಪು ಎಲ್ಲೋ ಸೋರುತ್ತಿದೆ.