ಜಾಲದ ಗಡಿಯಾರಗಳು ಯಾರನ್ನು ನಂಬಬೇಕು?

ಕಂಪ್ಯೂಟರ್‌ನೊಳಗಿನ ಗಡಿಯಾರವನ್ನು ನಡೆಸುವುದು ಒಂದು ಪುಟ್ಟ ಕ್ವಾರ್ಟ್ಸ್ ಹರಳು. ಬಿಸಿ ಏರಿದಾಗ, ಹಳತಾದಾಗ ಅದರ ಕಂಪನ ತುಸು ಬದಲಾಗುತ್ತದೆ. ಹತ್ತು ಲಕ್ಷಕ್ಕೆ 20 ಪಾಲಿನಷ್ಟು ವ್ಯತ್ಯಾಸವಾದರೂ ಸಾಕು, ಗಡಿಯಾರ ದಿನಕ್ಕೆ ಸುಮಾರು 1.7 ಸೆಕೆಂಡ್ ತಪ್ಪುತ್ತದೆ. ಒಂಟಿ ಯಂತ್ರಕ್ಕೆ ಇದು ದೊಡ್ಡ ಮಾತಲ್ಲ. ಆದರೆ ಹಲವು ಯಂತ್ರಗಳು ಒಂದೇ ದತ್ತಾಂಶವನ್ನು ತಿದ್ದುವಾಗ ಯಾವ ತಿದ್ದುಪಡಿ ಮೊದಲಿನದು ಎಂಬುದೇ ಗೊಂದಲವಾಗುತ್ತದೆ. ಸೈಬರ್ ದಾಳಿಯ ನಂತರ ಬೇರೆ ಬೇರೆ ಸರ್ವರ್‌ಗಳ ಲಾಗ್‌ಗಳನ್ನು, ಅಂದರೆ ಘಟನೆಗಳ ದಾಖಲೆಗಳನ್ನು, ಜೋಡಿಸಿ ನೋಡುವವರಿಗೆ ಕಾರಣಕ್ಕಿಂತ ಮೊದಲೇ ಪರಿಣಾಮ ನಡೆದಂತೆ ಕಾಣುತ್ತದೆ. ಕರ್ಬರೋಸ್‌ನಂತಹ ದೃಢೀಕರಣ ವ್ಯವಸ್ಥೆಯಂತೂ ಸಾಮಾನ್ಯವಾಗಿ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಲಾಗಿನ್ ಆಗಲು ಬಿಡುವುದೇ ಇಲ್ಲ.

ಮೊದಮೊದಲ ಪರಿಹಾರಗಳು ಸರಳವಾಗಿದ್ದವು. 1983ರಲ್ಲಿ ಪ್ರಕಟವಾದ ಟೈಮ್ ಪ್ರೋಟೋಕಾಲ್‌ನಲ್ಲಿ (ಪ್ರೋಟೋಕಾಲ್ ಎಂದರೆ ಯಂತ್ರಗಳು ಮಾತಾಡಿಕೊಳ್ಳುವ ನಿಯಮಾವಳಿ) ಸರ್ವರನ್ನು ಕೇಳಿದರೆ ಅದು ಸೆಕೆಂಡುಗಳ ಒಂದು ಸಂಖ್ಯೆಯನ್ನು ಕಳುಹಿಸುತ್ತಿತ್ತು, ಅಷ್ಟೇ. ಆ ಉತ್ತರ ದಾರಿಯಲ್ಲಿ ಎಷ್ಟು ಹೊತ್ತು ಕಳೆಯಿತು ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ. ಈ ಕೊರತೆಯನ್ನು ತುಂಬಿದವರು ಅಮೆರಿಕದ ಡೇವಿಡ್ ಮಿಲ್ಸ್. 1985ರ ಸೆಪ್ಟೆಂಬರ್‌ನಲ್ಲಿ ಅವರು ಪ್ರಕಟಿಸಿದ ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್, ಅಂದರೆ ಎನ್‌ಟಿಪಿ, ಇಂದಿಗೂ ಬಳಕೆಯಲ್ಲಿದೆ. 2024ರ ಜನವರಿಯಲ್ಲಿ ತೀರಿಕೊಂಡ ಮಿಲ್ಸ್, ವೃತ್ತಿಜೀವನದ ಬಹುಪಾಲನ್ನು ಈ ಒಂದೇ ಸಮಸ್ಯೆಗೆ ಮೀಸಲಿಟ್ಟಿದ್ದರು ಎಂದರೆ ಅತಿಶಯವಲ್ಲ.

ಎನ್‌ಟಿಪಿಯ ಜೀವಾಳ ನಾಲ್ಕು ಸಮಯಮುದ್ರೆಗಳು, ಅಂದರೆ ಸಂದೇಶ ಹೊರಟ ಮತ್ತು ತಲುಪಿದ ಹೊತ್ತಿನ ಗುರುತುಗಳು. ಒಂದು ಯಂತ್ರ ತನ್ನ ಗಡಿಯಾರದಲ್ಲಿ 0 ಮಿಲಿಸೆಕೆಂಡ್ ಇದ್ದಾಗ ಪ್ರಶ್ನೆ ಕಳುಹಿಸುತ್ತದೆ ಎನ್ನೋಣ. ಸರ್ವರ್ ತನ್ನ ಗಡಿಯಾರದ ಪ್ರಕಾರ 70ಕ್ಕೆ ಅದನ್ನು ಪಡೆದು 72ಕ್ಕೆ ಉತ್ತರಿಸುತ್ತದೆ; ಉತ್ತರ ಬಂದಾಗ ಕೇಳಿದ ಯಂತ್ರದ ಗಡಿಯಾರ 42 ತೋರಿಸುತ್ತಿದೆ. ಒಟ್ಟು 42ರಲ್ಲಿ ಸರ್ವರ್ ಇಟ್ಟುಕೊಂಡ 2ನ್ನು ಕಳೆದರೆ ಹೋಗಿಬರುವ ಪ್ರಯಾಣಕ್ಕೆ 40 ಹಿಡಿದಿದೆ. ಹೋಗಲು 20, ಬರಲು 20 ಎಂದು ಹಿಡಿದರೆ ಈ ಯಂತ್ರದ ಗಡಿಯಾರ 50 ಮಿಲಿಸೆಕೆಂಡ್ ಹಿಂದಿದೆ. ಲೆಕ್ಕ ಸೊಗಸಾಗಿದೆ, ಆದರೆ ಎರಡೂ ದಿಕ್ಕಿಗೆ ಸಮಾನ ಸಮಯ ಹಿಡಿಯುತ್ತದೆ ಎಂಬ ಊಹೆಯ ಮೇಲೆ ಅದು ನಿಂತಿದೆ. ನಿಜದಲ್ಲಿ ಹೋಗಲು 30, ಬರಲು 10 ಆಗಿದ್ದರೆ ಉತ್ತರ 10 ಮಿಲಿಸೆಕೆಂಡ್ ತಪ್ಪಾಗುತ್ತದೆ, ಮತ್ತು ಆ ತಪ್ಪನ್ನು ಈ ನಾಲ್ಕು ಸಂಖ್ಯೆಗಳಿಂದ ಕಂಡುಹಿಡಿಯಲು ಯಾವ ದಾರಿಯೂ ಇಲ್ಲ.

ಆದ್ದರಿಂದ ಅಳೆಯುವ ಪ್ರಶ್ನೆ ಬಹುಬೇಗ ನಂಬುವ ಪ್ರಶ್ನೆಯಾಗಿ ಮಾರ್ಪಟ್ಟಿತು. 1992ರಲ್ಲಿ ಬಂದ ಎನ್‌ಟಿಪಿಯ ಮೂರನೇ ಆವೃತ್ತಿಯ ಹೊತ್ತಿಗೆ, ಕಂಪ್ಯೂಟರ್ ವಿಜ್ಞಾನಿ ಕೀತ್ ಮಾರ್ಜುಲ್ಲೊ ರೂಪಿಸಿದ್ದ ವಿಧಾನವನ್ನು ಆಧರಿಸಿ, ಹಲವು ಸರ್ವರ್‌ಗಳ ಉತ್ತರಗಳನ್ನು ಹೋಲಿಸಿ ಗುಂಪಿಗೆ ಸೇರದವನ್ನು ತಳ್ಳಿಹಾಕುವ ವ್ಯವಸ್ಥೆ ಬಂತು. ಎರಡೇ ಸರ್ವರ್‌ಗಳಿದ್ದು ಅವು ಬೇರೆ ಬೇರೆ ಹೇಳಿದರೆ ಯಾವುದು ಸರಿ ಎಂದು ತಿಳಿಯುವುದಿಲ್ಲ. ಮೂರಿದ್ದರೆ ಬಹುಮತ ಸಿಗುತ್ತದೆ. ಒಂದು ಕೈಕೊಟ್ಟರೂ ಮೂರು ಉಳಿಯಲಿ ಎಂದೇ ನಾಲ್ಕನ್ನು ಬಳಸುವ ಸಲಹೆ ರೂಢಿಯಲ್ಲಿದೆ. ಅನುಭವವೂ ಇದನ್ನೇ ಹೇಳುತ್ತದೆ. 2012ರ ನವೆಂಬರ್ 19ರಂದು, ಅತ್ಯಂತ ವಿಶ್ವಾಸಾರ್ಹವೆಂದು ಹೆಸರಾಗಿದ್ದ ಅಮೆರಿಕದ ನೌಕಾ ವೀಕ್ಷಣಾಲಯದ ಎರಡು ಸರ್ವರ್‌ಗಳು 2000ನೇ ಇಸವಿಯನ್ನು ಕೊಟ್ಟವು, ಅವುಗಳ ಮಾತನ್ನು ಕುರುಡಾಗಿ ನಂಬಿದ ವ್ಯವಸ್ಥೆಗಳು 12 ವರ್ಷ ಹಿಂದಕ್ಕೆ ಹೋದವು.

ಸೇವೆ ಜನಪ್ರಿಯವಾದಂತೆ ಹೊರೆಯೂ ಏರಿತು. 2003ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಒಂದು ಸರ್ವರ್‌ನ ಮೇಲೆ ಸೆಕೆಂಡಿಗೆ ಲಕ್ಷಾಂತರ ಪ್ಯಾಕೆಟ್‌ಗಳು (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕುಗಳು) ಮುಗಿಬಿದ್ದವು. ಮನೆಬಳಕೆಯ ರೌಟರ್‌ಗಳ ತಂತ್ರಾಂಶದೊಳಗೆ ಅದರ ವಿಳಾಸವನ್ನು ಬದಲಿಸಲಾಗದಂತೆ ಬರೆದಿಟ್ಟಿದ್ದೇ ಕಾರಣ. ಅದೇ ವರ್ಷ ಆರಂಭವಾದ ಎನ್‌ಟಿಪಿ ಪೂಲ್, ಸ್ವಯಂಸೇವಕರ ಸರ್ವರ್‌ಗಳ ನಡುವೆ ಈ ಭಾರವನ್ನು ಹಂಚುತ್ತದೆ. ಜಗತ್ತಿನ ಅಸಂಖ್ಯ ಸಾಧನಗಳ ಸಮಯ ಹೀಗೆ ಸಂಬಳವಿಲ್ಲದವರ ಶ್ರದ್ಧೆಯ ಮೇಲೆ ನಿಂತಿದೆ ಎಂಬುದು ನಮ್ಮ ಗಮನಕ್ಕೆ ಬರುವುದೇ ಕಡಿಮೆ, ಮತ್ತು ಅದು ನ್ಯಾಯವಲ್ಲ.

ದುರುಪಯೋಗವೂ ತಡವಾಗಲಿಲ್ಲ. ಇತ್ತೀಚೆಗೆ ಯಾರೆಲ್ಲ ಸಮಯ ಕೇಳಿದ್ದಾರೆಂದು ಪಟ್ಟಿ ಕೊಡುವ ಹಳೆಯ ಸೌಲಭ್ಯವೊಂದು ಸರ್ವರ್‌ಗಳಲ್ಲಿತ್ತು. ಸಣ್ಣ ಪ್ರಶ್ನೆಗೆ ಬಹುದೊಡ್ಡ ಉತ್ತರ ಬರುತ್ತಿದ್ದುದರಿಂದ, ಬಲಿಪಶುವಿನ ವಿಳಾಸ ಹಾಕಿ ಪ್ರಶ್ನೆ ಕಳುಹಿಸಿದರೆ ಉತ್ತರಗಳೆಲ್ಲ ಅವರ ಮೇಲೆ ಸುರಿಯುತ್ತಿದ್ದವು. 2014ರ ಫೆಬ್ರುವರಿಯಲ್ಲಿ ಇಂತಹ ಒಂದು ದಾಳಿ ಸೆಕೆಂಡಿಗೆ ಸುಮಾರು 400 ಗಿಗಾಬಿಟ್ ಮುಟ್ಟಿತು.

ಇದಲ್ಲದೆ ಲೀಪ್ ಸೆಕೆಂಡಿನ ಕಾಟ ಬೇರೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು 1972ರಿಂದ 27 ಸೆಕೆಂಡ್‌ಗಳನ್ನು ಸೇರಿಸಲಾಗಿದೆ. 2012ರ ಜೂನ್ 30ರ ಸೇರ್ಪಡೆ ಹಲವು ಸರ್ವರ್‌ಗಳನ್ನು ನಡೆಸುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಒಂದು ದೋಷವನ್ನು ಕೆದಕಿ ಹಲವು ಜಾಲತಾಣಗಳನ್ನು ಕೆಡವಿತು. 2035ರೊಳಗೆ ಈ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಡಲು 2022ರಲ್ಲಿ ಅಂತರರಾಷ್ಟ್ರೀಯ ನಿರ್ಣಯವಾಗಿದೆ.

ಉತ್ತರ ನಿಜವಾಗಿಯೂ ನಾವು ಕೇಳಿದ ಸರ್ವರ್‌ನಿಂದಲೇ ಬಂದಿದೆಯೇ ಎಂದು ದೃಢಪಡಿಸುವ ಆಧುನಿಕ ಮಾನಕ, ನೆಟ್‌ವರ್ಕ್ ಟೈಮ್ ಸೆಕ್ಯುರಿಟಿ, 2020ರಲ್ಲಷ್ಟೇ ಬಂತು. ಅದರಲ್ಲೂ ಒಂದು ಸಿಕ್ಕು ಇದೆ: ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿಲ್ಲವೆಂದು ಪರೀಕ್ಷಿಸಲು ಯಂತ್ರಕ್ಕೆ ಮೊದಲೇ ಸರಿಸುಮಾರು ಸಮಯ ಗೊತ್ತಿರಬೇಕು. ದಾರಿಯಲ್ಲಿ ಕುಳಿತ ದಾಳಿಕೋರ ಪ್ಯಾಕೆಟ್ಟನ್ನು ತಿದ್ದದೆ, ಒಂದೇ ದಿಕ್ಕಿನಲ್ಲಿ ತಡೆದು ಬಿಟ್ಟರೆ ಗೂಢಲಿಪಿಗೆ ಅದು ಗೊತ್ತಾಗುವುದಿಲ್ಲ. ಆಗಲೂ ತಪ್ಪು ಒಟ್ಟು ಪ್ರಯಾಣದ ಅರ್ಧವನ್ನು ಮೀರಲಾರದು; ಹಾಗಾಗಿ ಹೋಗಿಬರಲು ಹೆಚ್ಚು ಹೊತ್ತು ಹಿಡಿದ ಉತ್ತರಗಳನ್ನು ಬದಿಗಿಟ್ಟು, ಬೇರೆ ಬೇರೆ ದಾರಿಯ ಹಲವು ಸರ್ವರ್‌ಗಳನ್ನು ಕೇಳುವ ಪದ್ಧತಿಯನ್ನು ಹೊಸ ಮಾನಕ ಬಂದ ಮೇಲೂ ಬಿಡುವಂತಿಲ್ಲ.