ಬೊಜ್ಜು ಅಂದರೆ ಹೊಟ್ಟೆಯದ್ದೇ

ಬಸವನಗುಡಿಯ ಪಾರ್ಕೊಂದರ ಗೇಟಿಗೆ ಕಟ್ಟಿದ್ದ ಬ್ಯಾನರಿನಲ್ಲಿ 'ತೋಳಿನ ಬೊಜ್ಜು, ಗಲ್ಲದ ಬೊಜ್ಜು, ತೊಡೆಯ ಬೊಜ್ಜು ಕರಗಿಸಿಕೊಳ್ಳಿ' ಅಂತ ಸಾಲಾಗಿ ಬರೆದಿತ್ತು. ಮಾರ್ಚ್ 4 ಬಂತೆಂದರೆ ಪತ್ರಿಕೆಗಳಲ್ಲಿ 'ವಿಶ್ವ ಬೊಜ್ಜು ದಿನ'. ಮೈಯಲ್ಲಿ ಎಲ್ಲೇ ಕೊಬ್ಬಿರಲಿ, ತೂಕ ಎಷ್ಟೇ ಹೆಚ್ಚಲಿ, ಎಲ್ಲಕ್ಕೂ ಬೊಜ್ಜು ಅನ್ನುವುದು ರೂಢಿಯಾಗುತ್ತಿದೆ. ಬರೀ ಭಾಷೆಯ ತಕರಾರಾಗಿದ್ದರೆ ಬಿಟ್ಟುಬಿಡಬಹುದಿತ್ತು. ಈ ಗೊಂದಲ ಆರೋಗ್ಯಕ್ಕೂ ಪೆಟ್ಟು ಕೊಡುತ್ತದೆ.

ಬೊಜ್ಜು ಹೊಟ್ಟೆಯ ಮಾತು. ತೆಲುಗಿನಲ್ಲಿ 'ಬೊಜ್ಜ' ಅಂದರೆ ಹೊಟ್ಟೆಯೇ. ಗಣೇಶನನ್ನು ಅವರು 'ಬೊಜ್ಜ ಗಣಪಯ್ಯ' ಅಂತ ಮುದ್ದಾಗಿ ಕರೆಯುತ್ತಾರೆ. ನಮ್ಮಲ್ಲೂ 'ಮದುವೆಯಾದ ಮೇಲೆ ಬೊಜ್ಜು ಬಂತು' ಅಂದರೆ ಕೇಳುವವರ ಕಣ್ಣು ಹೋಗುವುದು ಷರ್ಟಿನ ಕೆಳಗಿನ ಗುಂಡಿಯ ಕಡೆಗೆ, ತೋಳಿನ ಕಡೆಗಲ್ಲ. ಕೊಬ್ಬು ಬೇರೆ. ಅದು ಪದಾರ್ಥದ ಹೆಸರು. ಹಾಲಿನಲ್ಲಿ ಕೊಬ್ಬಿದೆ, ಮಾಂಸದಲ್ಲಿ ಕೊಬ್ಬಿದೆ. 'ಹಾಲಿನ ಬೊಜ್ಜು' ಅಂತ ಯಾರೂ ಅನ್ನುವುದಿಲ್ಲ. ಸೊಕ್ಕಿಗೂ 'ನಿಂಗೆ ಕೊಬ್ಬು ಜಾಸ್ತಿ' ಅಂತ ಬೈಯುತ್ತೇವೆಯೇ ಹೊರತು ಅಲ್ಲಿ ಬೊಜ್ಜನ್ನು ತರುವುದಿಲ್ಲ. ಇನ್ನು ಇಡೀ ದೇಹ ದಪ್ಪಗಾಗುವುದಕ್ಕೆ ಸ್ಥೂಲಕಾಯ ಅನ್ನುವ ಪದ ಇದ್ದೇ ಇದೆ. ಆಯುರ್ವೇದದವರು ಸ್ಥೌಲ್ಯ ಅನ್ನುತ್ತಾರೆ. ಕೊಬ್ಬು, ಬೊಜ್ಜು, ಸ್ಥೂಲಕಾಯ: ಮೂರು ಬೇರೆ ಬೇರೆ ಸಂಗತಿಗಳಿಗೆ ಮೂರು ಪದ ಇಟ್ಟುಕೊಂಡ ಭಾಷೆಯಲ್ಲಿ ಎಲ್ಲವನ್ನೂ ಒಂದಕ್ಕೇ ತುರುಕುವುದು ಯಾಕೆ?

ವೈದ್ಯರು ಕೂಡ ಹೊಟ್ಟೆಯನ್ನು ಬೇರೆಯಾಗಿಯೇ ನೋಡುತ್ತಾರೆ. ಸೊಂಟದ ಮೇಲಿನ ಕೊಬ್ಬಿಗೂ ಸೊಂಟದ ಕೆಳಗಿನ ಕೊಬ್ಬಿಗೂ ಅಪಾಯದಲ್ಲಿ ವ್ಯತ್ಯಾಸ ಇದೆ ಎಂದು ಫ್ರಾನ್ಸಿನ ಜ್ಯಾನ್ ವಾಗ್ ಎಂಬ ವೈದ್ಯ 1947ರಲ್ಲೇ ಬರೆದಿದ್ದರು. ಹೊಟ್ಟೆಯಲ್ಲೂ ಎರಡು ಪದರ. ಬೆರಳಲ್ಲಿ ಹಿಡಿದರೆ ಸಿಗುವುದು ಚರ್ಮದ ಕೆಳಗಿನದು. ಹೆಚ್ಚು ಕಾಡುವುದು ಸ್ನಾಯುವಿನ ಗೋಡೆಯ ಹಿಂದೆ, ಕರುಳು, ಯಕೃತ್ತುಗಳ ಸುತ್ತ ಸೇರಿಕೊಂಡದ್ದು. ಕರುಳಿನ ಭಾಗದ ರಕ್ತ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೇ ಹೋಗುವುದರಿಂದ ಕರುಳಿನ ಸುತ್ತಲಿನ ಕೊಬ್ಬು ಬಿಡುವ ಕೊಬ್ಬಿನಾಮ್ಲಗಳೂ ನೇರ ಯಕೃತ್ತಿಗೇ ಬಂದು ಬೀಳುತ್ತವೆ. ಜೊತೆಗೆ ಉರಿಯೂತ ಎಬ್ಬಿಸುವ ರಾಸಾಯನಿಕಗಳು. ಫ್ಯಾಟಿ ಲಿವರ್, ಇನ್ಸುಲಿನ್ ಮಾತು ಕೇಳದ ದೇಹ, ಶುಗರ್, ಬಿ.ಪಿ., ಹೃದಯಾಘಾತ, ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಎಲ್ಲಕ್ಕೂ ಇದರ ನಂಟಿದೆ. 52 ದೇಶಗಳಲ್ಲಿ ನಡೆದು 2005ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೃದಯಾಘಾತದ ಸುಳಿವು ಕೊಡುವುದರಲ್ಲಿ ಬಿಎಂಐಗಿಂತ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಸೊಂಟ–ನಿತಂಬದ ಅನುಪಾತವೇ ಮುಂದಿತ್ತು.

'ತೂಕ ಸರಿಯಾಗಿದೆ, ನನಗೆಲ್ಲಿಯ ಬೊಜ್ಜು' ಅನ್ನುವವರು ನಮ್ಮ ಐಟಿ ಆಫೀಸುಗಳಲ್ಲಿ ಬೇಕಾದಷ್ಟು ಜನ. ಬೊಜ್ಜನ್ನೂ ಸ್ಥೂಲಕಾಯವನ್ನೂ ಒಂದೇ ಅಂದುಕೊಂಡದ್ದರ ಫಲ ಇದು. ಅವರು ಒಂದು ಪುಟದ ಒಂದು ಬರಹ ನೋಡಬೇಕು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿದ್ದರು. ಇಬ್ಬರ ಬಿಎಂಐ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ದೇಹದಲ್ಲಿ ಶೇ 21.2. ತೂಕದ ಯಂತ್ರದ ಮೇಲೆ ನಿಂತರೆ ಇದು ಗೊತ್ತಾಗುವುದೇ ಇಲ್ಲ. ಸಣ್ಣ ಕೈಕಾಲು, ಮುಂದೆ ಬಂದ ಹೊಟ್ಟೆ. ಭಾರತೀಯರಲ್ಲಿ ತೀರಾ ಸಾಮಾನ್ಯವಾದ ಮೈಕಟ್ಟಿಗೆ ಅಪಾಯ ಇಲ್ಲವೆಂದು ತಿಳಿಯಬಾರದು.

ಹಾಗಾಗಿ ನಮಗೆ ಸೊಂಟದ ಸುತ್ತಳತೆಯ ಮಿತಿ ಕಟ್ಟುನಿಟ್ಟು: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಅಂದರೆ ಸುಮಾರು ಮೂವತ್ತೈದೂವರೆ ಇಂಚು, ಮೂವತ್ತೊಂದೂವರೆ ಇಂಚು. ಇಲ್ಲಿಯೂ ಒಂದು ತಪ್ಪು ನಡೆಯುತ್ತದೆ. 'ಹತ್ತು ವರ್ಷದಿಂದ ನನ್ನ ಪ್ಯಾಂಟ್ ಸೈಜ್ 34, ಬದಲಾಗಿಲ್ಲ' ಅಂತಾರೆ. ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ಕೂತಿರುತ್ತದೆ, ಬೆಲ್ಟಿನ ಬಕಲು ಒಳಕ್ಕೆ ಮಡಚಿ ಕಾಣುವುದೇ ಇಲ್ಲ. ಆ 34 ಸೊಂಟದ ಸುತ್ತಳತೆ ಹೇಳುವುದಿಲ್ಲ. ಟೈಲರ್ ಟೇಪನ್ನು ಬರಿಮೈ ಮೇಲೆ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಸುತ್ತಬೇಕು. ಹೊಟ್ಟೆ ಒಳಗೆಳೆದುಕೊಳ್ಳದೆ, ಸಹಜವಾಗಿ ಉಸಿರು ಬಿಟ್ಟಾಗ ನೋಡಬೇಕು.

ಗ್ಯಾಸಿನಿಂದ ಹೊಟ್ಟೆ ಉಬ್ಬುವುದು ಬೊಜ್ಜಲ್ಲ. ಸಂಜೆ ಬಂದು ಬೆಳಗ್ಗೆ ಇಳಿಯುವುದಕ್ಕೆ ಹೊಟ್ಟೆಯುಬ್ಬರ ಅನ್ನಬೇಕು.

ಮತ್ತೆ ಆ ಬ್ಯಾನರಿನವರು ಕರಗಿಸುತ್ತೇವೆ ಅನ್ನುವುದು ಏನನ್ನು? ಲೈಪೋಸಕ್ಷನ್ನಿನಲ್ಲಿ ಹೀರಿ ತೆಗೆಯುವುದು ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ. 2004ರಲ್ಲಿ ಅಮೆರಿಕದಲ್ಲಿ 15 ಮಹಿಳೆಯರ ಹೊಟ್ಟೆಯಿಂದ ಹೀಗೆ ಸುಮಾರು 10 ಕಿಲೋ ತೆಗೆದು ನೋಡಿದರು; ಇನ್ಸುಲಿನ್ ಕೆಲಸ ಸುಧಾರಿಸಲಿಲ್ಲ, ಬಿ.ಪಿ.ಯೂ ಇಳಿಯಲಿಲ್ಲ. ಬೆಲ್ಟು ಕಟ್ಟಿ ನಡುಗಿಸುವುದರಿಂದಲೂ ಒಳಗಿನದು ಹೋಗುವುದಿಲ್ಲ. ಅದು ಇಳಿಯುವುದು ಒಟ್ಟು ತೂಕ ಇಳಿದಾಗ, ಬಿರುಸಾಗಿ ನಡೆದಾಗ. ಅದೇ ಪಾರ್ಕಿನ ಒಳಗೆ ಹೋಗಿ ಸುತ್ತು ಹಾಕುವುದಕ್ಕೆ ಯಾರೂ ಫೀಸು ಕೇಳುವುದಿಲ್ಲ.