ಹಸಿರಿನ ನಡುವಿನ ಊರಿಗೆ ಉದ್ಯಾನವೇಕೆ?

ಕೊಡಗಿನಲ್ಲಿ ಉದ್ಯಾನದ ಮಾತೆತ್ತಿದರೆ ಕೇಳುವವರು ಮೊದಲು ನಗುತ್ತಾರೆ. ಸುತ್ತ ಕಾಫಿ ತೋಟ, ತೋಟದಾಚೆ ಕಾಡು, ಕಾಡಿನಾಚೆ ಮತ್ತೆ ತೋಟ. ಇಂಥಲ್ಲಿ ನಾಲ್ಕು ಗುಲಾಬಿ ಗಿಡ ನೆಟ್ಟು ಬೇಲಿ ಹಾಕಿದರೆ ಯಾರ ಆರೋಗ್ಯ ಸುಧಾರಿಸೀತು ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಹಜವೇ. ಆದರೆ ಮಡಿಕೇರಿಯ ಮಹದೇವಪೇಟೆಯಲ್ಲೋ ಕುಶಾಲನಗರದ ಹೊಸ ಬಡಾವಣೆಯಲ್ಲೋ ವಾಸವಿರುವವರಿಗೆ ಆ ಹಸಿರು ಬಹುಮಟ್ಟಿಗೆ ಕಣ್ಣಿಗಷ್ಟೇ ದಕ್ಕುತ್ತದೆ. ತೋಟದ ಗೇಟಿನಲ್ಲಿ ‘ಖಾಸಗಿ ಆಸ್ತಿ, ಪ್ರವೇಶವಿಲ್ಲ’ ಎಂಬ ಫಲಕವಿರುತ್ತದೆ. ಮೀಸಲು ಅರಣ್ಯದೊಳಗೆ ಕಾಲಿಡಲು ಇಲಾಖೆಯ ಅನುಮತಿ ಬೇಕು. ಆನೆಯ ಭಯ ಇದ್ದದ್ದೇ. ಹಸಿರು ಇರುವುದು ಬೇರೆ, ಅದು ಕಾಲ್ನಡಿಗೆಗೆ ಸಿಗುವುದು ಬೇರೆ ಎಂಬ ತಿಳಿವಳಿಕೆ ನಗರಗಳಿಗೆ ಬರಲು ಸುಮಾರು ಎರಡು ಶತಮಾನ ಹಿಡಿಯಿತು.

ಅದಕ್ಕೂ ಮೊದಲು ಹಸಿರೇ ಅನುಮಾನದ ವಸ್ತುವಾಗಿತ್ತು. ಬಯಲುಸೀಮೆಯವರು ಮಲೆನಾಡಿನ ಚಳಿಜ್ವರಕ್ಕೆ ಹೆದರುತ್ತಿದ್ದರು; ಕೊಳೆತ ಎಲೆ, ಜೌಗು ನೆಲಗಳಿಂದ ಏಳುವ ವಿಷಗಾಳಿಯೇ ಜ್ವರ ತರುತ್ತದೆಂದು ಅಂದಿನ ವೈದ್ಯರೂ ನಂಬಿದ್ದರು. ಮಲೇರಿಯಾ ಎಂಬ ಪದದ ಮೂಲಾರ್ಥವೇ ಕೆಟ್ಟ ಗಾಳಿ. ಈ ಜ್ವರವನ್ನು ಹರಡುವುದು ಸೊಳ್ಳೆ ಎಂಬುದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡಾಗ.

ವಿಚಿತ್ರವೆಂದರೆ, ಇದೇ ಕೆಟ್ಟ ಗಾಳಿಯ ಸಿದ್ಧಾಂತ ಇಂಗ್ಲೆಂಡಿನ ಕೈಗಾರಿಕಾ ನಗರಗಳಿಗೆ ಉದ್ಯಾನಗಳನ್ನು ಕೊಟ್ಟಿತು. ಹೊಗೆ ಮತ್ತು ಚರಂಡಿಯ ನಾತದಲ್ಲಿ ದುಡಿಯುವ ಜನರಿಗೆ ಅಡ್ಡಾಡಲು ಜಾಗವೇ ಇಲ್ಲವೆಂದು 1833ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ವರದಿ ನೀಡಿತು. 1847ರಲ್ಲಿ ಲಿವರ್‌ಪೂಲಿನ ಎದುರು ದಡದ ಬರ್ಕನ್‌ಹೆಡ್‌ನಲ್ಲಿ ಸಾರ್ವಜನಿಕ ಹಣದಿಂದ ಕಟ್ಟಿದ ಉದ್ಯಾನ ತೆರೆಯಿತು. 1850ರಲ್ಲಿ ಅದನ್ನು ನೋಡಿ ಬೆರಗಾದ ಅಮೆರಿಕದ ಫ್ರೆಡರಿಕ್ ಲಾ ಓಮ್‌ಸ್ಟೆಡ್, ಎಂಟು ವರ್ಷಗಳ ನಂತರ ಕ್ಯಾಲ್ವರ್ಟ್ ವಾಕ್ಸ್ ಜೊತೆಗೂಡಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ವಿನ್ಯಾಸ ಮಾಡಿದ. ಉದ್ಯಾನವೆಂದರೆ ನಗರದ ಶ್ವಾಸಕೋಶ ಎಂಬ, ಇಂದಿಗೂ ಭಾಷಣಗಳಲ್ಲಿ ಸವೆಯುತ್ತಿರುವ ಹೋಲಿಕೆ ಆ ಕಾಲದಲ್ಲಿ ಬಳಕೆಯಲ್ಲಿತ್ತು. ಸಿದ್ಧಾಂತ ತಪ್ಪಾಗಿತ್ತು, ಕಟ್ಟಿದ್ದು ಮಾತ್ರ ಉಳಿಯಿತು.

ನಮ್ಮ ಕಡೆ ಲಾಲ್‌ಬಾಗ್ 1760ರ ಹೊತ್ತಿಗೆ ಹೈದರಾಲಿಯ ಅರಸು ತೋಟವಾಗಿ ಹುಟ್ಟಿತು. ಕಬ್ಬನ್ ಪಾರ್ಕ್ 1870ರದು. ಆರೋಗ್ಯದ ಲೆಕ್ಕದಿಂದಲೇ ಊರು ಕಟ್ಟುವ ಯೋಚನೆ ಬಲವಾಗಿದ್ದು 1898ರಲ್ಲಿ ಪ್ಲೇಗ್ ಬಂದ ಮೇಲೆ. ಗಾಳಿ ಬೆಳಕಿಲ್ಲದ ಪೇಟೆಯ ಕೇರಿಗಳಿಂದ ಜನರನ್ನು ಹೊರಕ್ಕೆ ತರಲು ಬಸವನಗುಡಿ, ಮಲ್ಲೇಶ್ವರಗಳನ್ನು ಅಗಲ ರಸ್ತೆ ಮತ್ತು ಉದ್ಯಾನಗಳೊಂದಿಗೆ ರೂಪಿಸಲಾಯಿತು. ಮಡಿಕೇರಿಗೆ ಅಂಥ ಯೋಜನೆಯ ಭಾಗ್ಯ ಬರಲಿಲ್ಲ. ಮುದ್ದುರಾಜ 17ನೆಯ ಶತಮಾನದ ಕೊನೆಯಲ್ಲಿ ರಾಜಧಾನಿ ಮಾಡಿಕೊಂಡ ಗುಡ್ಡದ ಊರು, 1834ರಲ್ಲಿ ಬ್ರಿಟಿಷರ ಕೈಸೇರಿದ ಮೇಲೂ ಇಳಿಜಾರು ಬಿಟ್ಟಂತೆ ಬೆಳೆಯಿತು. ಅರಸರು ಸಂಜೆ ಕುಳಿತು ಪಡುವಣ ಬೆಟ್ಟಗಳನ್ನು ನೋಡುತ್ತಿದ್ದರೆನ್ನಲಾದ ರಾಜಾಸೀಟ್ ತೋಟಗಾರಿಕೆ ಇಲಾಖೆಯ ಉದ್ಯಾನವಾಯಿತು.

ವೈಜ್ಞಾನಿಕ ಪುರಾವೆ ಬಂದದ್ದು ಬಹಳ ತಡವಾಗಿ, ಅದೂ ಆಸ್ಪತ್ರೆಯ ಕಿಟಕಿಯಿಂದ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ 1984ರಲ್ಲಿ ಹೋಲಿಸಿ ನೋಡಿದರು. ಅರ್ಧದಷ್ಟು ಜನರ ಕಿಟಕಿಗೆ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆಯ ಗೋಡೆ. ಮರ ಕಂಡವರು ಸರಾಸರಿ 7.96 ದಿನಗಳಲ್ಲಿ ಮನೆಗೆ ಹೋದರೆ, ಗೋಡೆ ಕಂಡವರಿಗೆ 8.70 ದಿನ ಬೇಕಾಯಿತು. ಮರ ಕಂಡವರಿಗೆ ಪ್ರಬಲವಾದ ನೋವುನಿವಾರಕಗಳೂ ಕಡಿಮೆ ಸಾಕಾದವು. ಸಣ್ಣ ಅಧ್ಯಯನ, ಆದರೆ ನಂತರದ ನೂರಾರು ಅಧ್ಯಯನಗಳಿಗೆ ದಾರಿ ಮಾಡಿತು. 2008ರಲ್ಲಿ ಇಂಗ್ಲೆಂಡಿನ ಸುಮಾರು 4 ಕೋಟಿ ಜನರ ಅಂಕಿಅಂಶಗಳನ್ನು ನೋಡಿದ ಮಿಚೆಲ್ ಮತ್ತು ಪೊಫಾಮ್, ಹಸಿರು ಹೆಚ್ಚಿರುವ ಪ್ರದೇಶಗಳಲ್ಲಿ ಬಡವರ ಮತ್ತು ಉಳ್ಳವರ ಮರಣ ಪ್ರಮಾಣದ ನಡುವಿನ ಅಂತರ ಕಿರಿದಾಗಿರುವುದನ್ನು ಕಂಡರು. ಉದ್ಯಾನದ ಪಕ್ಕ ಮನೆ ಮಾಡುವವರು ಮೊದಲೇ ಅನುಕೂಲಸ್ಥರಾಗಿರಬಹುದೆಂಬ ತಕರಾರು ಇಂಥ ಅಧ್ಯಯನಗಳಿಗೆ ಸದಾ ಇರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ನೆರಳು ಮತ್ತು ಎಲೆಗಳ ಆವಿಯಿಂದ ತಗ್ಗುವ ಸೆಕೆ, ಕಡಿಮೆಯಾಗುವ ಗದ್ದಲ, ನಡಿಗೆಗೆ ಸಿಗುವ ನೆಪ, ನಾಲ್ಕು ಜನರೊಡನೆ ಮಾತು, ಹೀಗೆ ಲಾಭದ ದಾರಿಗಳು ಒಂದೊಂದಾಗಿ ಸ್ಪಷ್ಟವಾಗಿವೆ.

ಕಾನೂನಿನ ಕಥೆ ಇನ್ನೂ ಹತ್ತಿರದ್ದು. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿದಾಗ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಆಸ್ಪತ್ರೆಯೂ ಆರೋಗ್ಯಕ್ಕೇ ಅಲ್ಲವೇ ಎಂಬ ವಾದ ಗೆಲ್ಲಲಿಲ್ಲ. ಬಿ. ಎಸ್. ಮುದ್ದಪ್ಪ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಆ ಹಂಚಿಕೆಯನ್ನು ಅಸಿಂಧುವೆಂದಿತು. ಉದ್ಯಾನ, ಆಟದ ಮೈದಾನ ಮತ್ತು ಬಯಲುಗಳ ರಕ್ಷಣೆಗೆ ರಾಜ್ಯದಲ್ಲಿ 1985ರ ಕಾಯ್ದೆಯೂ ಇದೆ. ಆದರೆ ಕಾಯ್ದೆ ಕಾಯುವುದು ಇರುವ ಉದ್ಯಾನವನ್ನು. ಬಿಡದೇ ಹೋದ ಜಾಗಕ್ಕೆ ಅದು ಏನು ಮಾಡೀತು?

ಕೊಡಗು ಜಾಗ ಬಿಡುವುದನ್ನು ಅರಿಯದ ನಾಡೇನಲ್ಲ. ಪುತ್ತರಿಯ ಕೋಲಾಟ ನಡೆಯುವ ಮಂದ್ ಊರವರೆಲ್ಲರದು. ಗದ್ದೆಗೂ ತೋಟಕ್ಕೂ ಸೇರದ ಆ ಬಯಲಿನಲ್ಲಿ ಹಿರಿಯರು ಕೂರುತ್ತಿದ್ದರು, ಮಕ್ಕಳು ಓಡುತ್ತಿದ್ದರು. ಸಾವಿರದ ಇನ್ನೂರಕ್ಕೂ ಹೆಚ್ಚಿರುವ ದೇವರಕಾಡುಗಳು ಗಾಳಿಸೇವನೆಗೆ ಹೋಗುವ ಜಾಗಗಳಲ್ಲ, ಹಬ್ಬದ ದಿನ ಬಿಟ್ಟರೆ ಒಳಗೆ ಕಾಲಿಡಲು ಜನ ಇಂದಿಗೂ ಹಿಂಜರಿಯುತ್ತಾರೆ. ಆದರೂ ಊರಿನ ತೊರೆಯನ್ನೂ ತಂಪನ್ನೂ ಕಾದದ್ದು ಅವೇ. 1905ರಲ್ಲಿ 15 ಸಾವಿರ ಎಕರೆ ಮೀರಿದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ 6 ಸಾವಿರ ಎಕರೆಯ ಆಸುಪಾಸಿಗೆ ಇಳಿಯಿತು. ಹಳ್ಳಿ ಪಟ್ಟಣವಾದಾಗ ಈ ಪದ್ಧತಿ ಅದರ ಜೊತೆ ಬರಲಿಲ್ಲ. ಹೊಸ ಬಡಾವಣೆಯ ನಕ್ಷೆಯಲ್ಲಿ ದೇವಸ್ಥಾನಕ್ಕೆ ಹೇಗೋ ಜಾಗ ಸಿಕ್ಕೀತು, ಮಂದ್‌ಗೆ ಸಿಗದು.

2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಮನೆಗಳು ಮಣ್ಣಿನೊಡನೆ ಜಾರಿದಾಗ, ಊರೊಳಗಿನ ಹಸಿರಿಗೆ ಇನ್ನೊಂದು ಅರ್ಥವೂ ಬಂತು. ಅತಿಮಳೆಯ ಜೊತೆಗೆ, ಮನೆಗೂ ರಸ್ತೆಗೂ ಇಳಿಜಾರನ್ನು ನೆಟ್ಟಗೆ ಕಡಿದದ್ದನ್ನು ಭೂವಿಜ್ಞಾನಿಗಳು ಎತ್ತಿ ತೋರಿಸಿದರು. ಮರದ ಬೇರು ಎಲ್ಲ ಕುಸಿತವನ್ನೂ ತಡೆಯುವುದಿಲ್ಲ. ಆದರೆ ಕಟ್ಟಬಾರದ ಇಳಿಜಾರನ್ನು ಕಟ್ಟದೆ ಬಿಟ್ಟರೆ ಅದೇ ಊರಿನ ಹಸಿರು ಜಾಗವಾಗಬಹುದೆಂಬ ಸರಳ ಲೆಕ್ಕ ನಮ್ಮಲ್ಲಿ ಚರ್ಚೆಯಾದದ್ದು ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2016ರಲ್ಲಿ ಮುಂದಿಟ್ಟ ಅಳತೆಯೊಂದಿದೆ: ಪ್ರತಿ ಮನೆಯಿಂದ ಸುಮಾರು 300 ಮೀಟರ್ ಒಳಗೆ, ಅಂದರೆ ಐದು ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧ ಹೆಕ್ಟೇರಿನ ಹಸಿರು ಜಾಗವಿರಬೇಕು. ಇದು ಸಮತಟ್ಟಾದ ಊರಿನ ಅಳತೆ. ಮಡಿಕೇರಿಯಲ್ಲಿ 300 ಮೀಟರ್ ಎಂದರೆ ಒಂದು ಏರು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಚಿಗಟ್ಟಿದ ಮೆಟ್ಟಿಲು, ಗಾಳಿಗೆ ಮಗುಚಿಕೊಳ್ಳುವ ಕೊಡೆ. ರಾಜಾಸೀಟ್‌ನಲ್ಲಿ ವಾರಾಂತ್ಯ ಬಂತೆಂದರೆ ಪ್ರವಾಸಿಗರ ವಾಹನಗಳು ರಸ್ತೆಯ ಉದ್ದಕ್ಕೂ ನಿಲ್ಲುತ್ತವೆ, ಊರಿನವರು ಆ ಎರಡು ದಿನ ಅತ್ತ ಸುಳಿಯುವುದಿಲ್ಲ. ವಾರದ ನಡುವಿನ ಬೆಳಿಗ್ಗೆ ಮಂಜು ಇನ್ನೂ ಸರಿಯದ ಹೊತ್ತಿಗೆ ಬಂದರೆ ಸ್ವೆಟರ್ ತೊಟ್ಟ, ಮಂಡಿನೋವಿನ ಹಿರಿಯರೊಬ್ಬರು ಗೇಟಿನ ಬಳಿ ಇಳಿದು ಚಿಲ್ಲರೆ ಎಣಿಸುವುದು ಕಾಣಸಿಗುತ್ತದೆ. ದಿನಾ ಅರ್ಧ ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಾರೆ. ನಡೆಯಲು ಅವರು ಆಟೋ ಹಿಡಿದು ಬಂದಿದ್ದಾರೆ.